ಶಿಬಿರಕ್ಕೆ ಬಾರದವರನ್ನೂ ಲೆಕ್ಕಕ್ಕೆ ತರುವುದು: ಆರೋಗ್ಯದ ಅಂಕಿಗೆ ತೂಕ ಕೊಡುವ ವಿಧಾನ

ನಾನು ಬಾಗಲಕೋಟೆಯಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಒಂದು ವರ್ಷ ನಮ್ಮ ವಿದ್ಯಾರ್ಥಿಗಳು ಬಿಪಿ, ಶುಗರ್ ತಪಾಸಣೆಯ ಶಿಬಿರಗಳಲ್ಲಿ ಕೂತು ಹೆಸರು ಬರೆದುಕೊಂಡರು. ಕೊನೆಗೆ ಉದ್ದನೆಯ ಎಕ್ಸೆಲ್ ಶೀಟ್ ತಂದು ನನ್ನ ಮುಂದೆ ಇಟ್ಟರು. ಸಾವಿರದ ಹತ್ತಿರ ಹೆಸರು ಇದ್ದವು. "ಮೇಡಂ, ಇಷ್ಟು ಮಂದಿ ಆದ್ರು. ಇನ್ನ ಜಿಲ್ಲೆದಾಗ ನೂರಕ್ಕ ಎಷ್ಟು ಮಂದಿಗೆ ಬಿಪಿ ಐತಿ ಅಂತ ಹೇಳಬಹುದಲ್ರಿ?" ಎಂದು ಕೇಳಿದರು.

ಶಿಬಿರ ಎಷ್ಟು ಗಂಟೆಗೆ ಇತ್ತು ಎಂದು ಕೇಳಿದೆ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಎಂದರು. ನನಗೆ ಗುಳೇದಗುಡ್ಡದಲ್ಲಿ ಖಣ ನೇಯುವ ಹಿರಿಯ ಹೆಂಗಸೊಬ್ಬರು ಹೇಳಿದ ಮಾತು ನೆನಪಾಯಿತು. "ಹತ್ತಕ್ಕ ಮಗ್ಗ ಬಿಟ್ಟು ಬಂದ್ರ ಅವತ್ತಿನ ಕೂಲಿ ಯಾರ ಕೊಡ್ತಾರ ಯವ್ವಾ?" ಆ ಶೀಟಿನಲ್ಲಿ ಅವರಂಥವರ ಹೆಸರು ಹುಡುಕಿದೆ. ಬೆರಳೆಣಿಕೆಯಷ್ಟು ಸಿಕ್ಕವು.

ಬಂದವರ ಸಂಖ್ಯೆ ಎಷ್ಟೇ ದೊಡ್ಡದಿರಲಿ, ಬಾರದವರ ಬಗ್ಗೆ ಅದು ತಾನಾಗಿ ಏನನ್ನೂ ಹೇಳುವುದಿಲ್ಲ. ಆದರೆ ಬಂದವರಿಗೆ ಸರಿಯಾದ ಪ್ರಶ್ನೆ ಕೇಳಿ, ಒಬ್ಬೊಬ್ಬರಿಗೂ ಸರಿಯಾದ ತೂಕ (ಒಬ್ಬರನ್ನು ಎಷ್ಟು ಜನರಷ್ಟು ಎಂದು ಎಣಿಸಬೇಕು ಎನ್ನುವ ಅಂಕಿ) ಕೊಟ್ಟರೆ ಅಂದಾಜು ತುಂಬಾ ಸುಧಾರಿಸುತ್ತದೆ. ಅದನ್ನು ಮಾಡುವುದು ಹೇಗೆ ಎಂದು ಇಲ್ಲಿ ಬರೆದಿದ್ದೇನೆ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು, ಶಿಬಿರ ನಡೆಸುವ ಯುವಕ ಸಂಘದವರು, ಮಹಿಳಾ ಸಂಘದವರು ಯಾರಾದರೂ ಇದನ್ನು ಬಳಸಬಹುದು. ಕೂಡುವುದು, ಗುಣಿಸುವುದು, ಭಾಗಿಸುವುದು ಬಂದರೆ ಸಾಕು.

ಬಂದವರು ಎಂಥವರು?

ತಾವಾಗಿ ಬರುವವರು ಊರಿನ ಉಳಿದವರ ಹಾಗೆ ಇರುವುದಿಲ್ಲ. ಇದಕ್ಕೆ ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಎಂಬ ದೊಡ್ಡ ಆರೋಗ್ಯ ಅಧ್ಯಯನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 2006ರಿಂದ 2010ರ ನಡುವೆ 40ರಿಂದ 69 ವಯಸ್ಸಿನ ಸುಮಾರು 92 ಲಕ್ಷ ಜನರಿಗೆ ಪತ್ರ ಹೋಯಿತು. ಬಂದವರು ಸುಮಾರು 5 ಲಕ್ಷ. ಅಂದರೆ ನೂರಕ್ಕೆ ಐದೂವರೆ ಮಂದಿ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇವರನ್ನು ದೇಶದ ಜನರ ಜೊತೆ ಹೋಲಿಸಿ ನೋಡಿತು. 70–74ರ ವಯಸ್ಸಿನಲ್ಲಿ ಇವರ ಸಾವಿನ ಪ್ರಮಾಣ ಗಂಡಸರಲ್ಲಿ ಶೇ. 46.2, ಹೆಂಗಸರಲ್ಲಿ ಶೇ. 55.5 ಕಡಿಮೆ ಇತ್ತು. ಬಂದವರಲ್ಲಿ ಸಿಗರೇಟು ಸೇದುವವರು ಕಡಿಮೆ, ಬೊಜ್ಜು ಇದ್ದವರು ಕಡಿಮೆ, ಬಡ ಬಡಾವಣೆಗಳಿಂದ ಬಂದವರೂ ಕಡಿಮೆ. ಐದು ಲಕ್ಷ ಜನರಿದ್ದರೂ ಅದು ದೇಶದ ಚಿತ್ರವಾಗಲಿಲ್ಲ.

ನಮ್ಮ ಶಿಬಿರಗಳಲ್ಲಿ ಇದು ಉಲ್ಟಾ ಕೂಡ ಆಗಬಹುದು. ಪುಕ್ಕಟೆ ಮಾತ್ರೆ ಕೊಡುತ್ತಾರೆ ಎಂದು ಡಂಗುರ ಸಾರಿದರೆ ಆಗಲೇ ಬಿಪಿ ಇದ್ದವರು ಮೊದಲು ಬರುತ್ತಾರೆ. ಎರಡು ತಾಸು ಕೂತು ಪ್ರಶ್ನೆಗಳಿಗೆ ಉತ್ತರ ಹೇಳಬೇಕು ಎಂದರೆ ಪುರಸೊತ್ತು ಇದ್ದವರು, ಓದಿದವರು, ಗಟ್ಟಿಮುಟ್ಟಾಗಿದ್ದವರು ಬರುತ್ತಾರೆ. ಯಾವ ಕಡೆಗೆ ವಾಲುತ್ತದೆ ಎನ್ನುವುದು ನೀವು ಕರೆದ ರೀತಿಯ ಮೇಲಿದೆ. ಹಾಗಾಗಿ ಹೇಗೆ ಕರೆದಿರಿ, ಎಲ್ಲಿ ಕರೆದಿರಿ, ಎಷ್ಟು ಹೊತ್ತಿಗೆ ಕರೆದಿರಿ ಎನ್ನುವುದನ್ನು ಮೊದಲೇ ಬರೆದಿಡಿ. ಆರು ತಿಂಗಳಾದ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಮೊದಲ ಹೆಜ್ಜೆ: ಯಾರ ಬಗ್ಗೆ ಮಾತು?

ಒಂದು ವಾಕ್ಯ ಬರೆಯಿರಿ. "ಬಾಗಲಕೋಟೆ ಜಿಲ್ಲೆಯಲ್ಲಿ ವಾಸವಿರುವ, 30 ವರ್ಷ ದಾಟಿದ ಎಲ್ಲರೂ" ಎಂಬಂತೆ. ಸುಮ್ನೆ "ಜನರು" ಎಂದು ಬರೆಯಬೇಡಿ. ಕೆಲಸಕ್ಕೆಂದು ಗೋವಾಕ್ಕೆ ಹೋಗಿ ಹಬ್ಬಕ್ಕೆ ಮಾತ್ರ ಊರಿಗೆ ಬರುವವರು ಲೆಕ್ಕದಲ್ಲಿದ್ದಾರಾ? ಕಬ್ಬು ಕಡಿಯಲು ಬಂದು ಮುಧೋಳ, ಜಮಖಂಡಿ ಕಡೆ ಗುಡಿಸಲು ಹಾಕಿಕೊಂಡವರು ಇದ್ದಾರಾ? ಇದನ್ನು ಮೊದಲು ತೀರ್ಮಾನ ಮಾಡದಿದ್ದರೆ ಮುಂದಿನ ಲೆಕ್ಕಕ್ಕೆ ನೆಲವೇ ಇರುವುದಿಲ್ಲ.

ಎರಡನೆಯ ಹೆಜ್ಜೆ: ಹೆಸರು ಬರೆಯುವ ಟೇಬಲ್

ನನ್ನ ಮಟ್ಟಿಗೆ ಇಡೀ ಕೆಲಸದ ಜೀವ ಇರುವುದು ಇಲ್ಲಿ, ಕಂಪ್ಯೂಟರಿನಲ್ಲಿ ಅಲ್ಲ. ಶಿಬಿರದ ದಿನ ಕೇಳದೆ ಬಿಟ್ಟ ಪ್ರಶ್ನೆಯ ಮೇಲೆ ಆಮೇಲೆ ತೂಕ ಕಟ್ಟಲು ಬರುವುದಿಲ್ಲ. ನಮ್ಮ ವಿದ್ಯಾರ್ಥಿಗಳ ಶೀಟಿನಲ್ಲಿ ಹೆಸರು, ಫೋನ್ ನಂಬರ್, ಬಿಪಿ, ಶುಗರ್ ಇತ್ತು. ವಯಸ್ಸು ಅರ್ಧ ಜನರದ್ದಿತ್ತು. ಉದ್ಯೋಗದ ಕಾಲಂ ಇರಲೇ ಇಲ್ಲ. ಮೂರು ವಾರ ಮತ್ತೆ ಮನೆ ಮನೆ ಸುತ್ತಿ ತುಂಬಿಸಬೇಕಾಯಿತು.

ಯಾವ ಪ್ರಶ್ನೆ ಕೇಳಬೇಕು? ಎರಡು ಗುಣ ಇರಬೇಕು. ಆ ವಿಷಯ ಬರುವುದು-ಬಾರದಿರುವುದರ ಮೇಲೆ ಪರಿಣಾಮ ಮಾಡಬೇಕು. ನೀವು ಅಳೆಯುವ ಕಾಯಿಲೆಗೂ ಅದಕ್ಕೂ ಸಂಬಂಧ ಇರಬೇಕು. ವಯಸ್ಸು ಎರಡಕ್ಕೂ ಹೊಂದುತ್ತದೆ. ವಯಸ್ಸಾದಂತೆ ಬಿಪಿ ಏರುತ್ತದೆ, ವಯಸ್ಸಾದವರು ಶಿಬಿರಕ್ಕೆ ಬರುವ ರೀತಿಯೂ ಬೇರೆ. ಗಂಡಸೋ ಹೆಂಗಸೋ, ಹಳ್ಳಿಯೋ ಪಟ್ಟಣವೋ, ಎಷ್ಟನೇ ತರಗತಿವರೆಗೆ ಓದಿದ್ದಾರೆ, ದಿನಾ ಏನು ಕೆಲಸ ಮಾಡುತ್ತಾರೆ, ಇವಿಷ್ಟೂ ಬೇಕು. ಬರಲು ಮಾತ್ರ ಸಂಬಂಧಪಟ್ಟು ಕಾಯಿಲೆಗೆ ಸಂಬಂಧವೇ ಇಲ್ಲದ ವಿಷಯ ಸೇರಿಸಿದರೆ ಅಂದಾಜು ಸರಿಯಾಗುವುದಿಲ್ಲ, ಅಲುಗಾಟ ಮಾತ್ರ ಜಾಸ್ತಿಯಾಗುತ್ತದೆ.

ಇನ್ನೊಂದು ಮಾತು. ಪ್ರಶ್ನೆಯ ಉತ್ತರಗಳನ್ನು ಜನಗಣತಿ, ಸರ್ಕಾರಿ ಸಮೀಕ್ಷೆಯವರು ಇಟ್ಟಿರುವ ವರ್ಗಗಳಂತೆಯೇ ಇಡಿ. ನೀವು "ಪ್ರಾಥಮಿಕ, ಪ್ರೌಢ, ಕಾಲೇಜು" ಎಂದು ಬರೆದುಕೊಂಡು, ಜಿಲ್ಲೆಯ ಅಂಕಿ "10 ವರ್ಷ ಅಥವಾ ಹೆಚ್ಚು ಓದಿದವರು" ಎಂದಿದ್ದರೆ ಎರಡೂ ಜೋಡಿಯಾಗುವುದಿಲ್ಲ.

ವಯಸ್ಸಿನ ಬಗ್ಗೆ ಸ್ವಲ್ಪ ತಾಳ್ಮೆ ಬೇಕು. ನಮ್ಮ ಕಡೆ ಹಿರಿಯರು ನಲವತ್ತು, ಐವತ್ತು, ಅರವತ್ತು ಎಂದು ಇಡಿಯಾಗಿ ಹೇಳುತ್ತಾರೆ. ಆಧಾರ್ ಕಾರ್ಡಿನಲ್ಲಿ ಎಷ್ಟೋ ಜನರ ಹುಟ್ಟಿದ ದಿನ ಜನವರಿ 1 ಎಂದಿರುತ್ತದೆ. ಅದಕ್ಕೆ ಎಲ್ಲರಿಗೂ ನೆನಪಿರುವ ಘಟನೆ ಹಿಡಿದು ಕೇಳಿ. "ಇಂದಿರಾ ಗಾಂಧಿ ತೀರಿಕೊಂಡಾಗ ನಿಮಗ ಮದುವಿ ಆಗಿತ್ತೇನ್ರಿ ಅಮ್ಮಾ?" ಅದು 1984. "ಬಾಗಲಕೋಟಿ ಬ್ಯಾರೆ ಜಿಲ್ಲಾ ಆದಾಗ ಮಕ್ಕಳು ಸಾಲಿಗೆ ಹೊಂಟಿದ್ರೇನ್ರಿ?" ಅದು 1997. ಹೀಗೆ ಕೇಳಿದರೆ ವಯಸ್ಸು ಎರಡು ಮೂರು ವರ್ಷದ ಒಳಗೆ ಸಿಗುತ್ತದೆ. ಬೆಳಗಾವಿಯಲ್ಲಿ ಶಿಬಿರ ಮಾಡುವವರು ಮರಾಠಿ, ಉರ್ದು ಬಲ್ಲವರನ್ನೂ ಟೇಬಲ್ಲಿಗೆ ಕೂರಿಸಿ. ಫಾರ್ಮ್ ಕನ್ನಡದಲ್ಲಿ ಮಾತ್ರ ಇದ್ದರೆ ಒಂದಷ್ಟು ಜನ ನೋಡಿಯೇ ತಿರುಗಿ ಹೋಗುತ್ತಾರೆ.

ಮೊದಲೇ ಬಿಪಿ ಮಾತ್ರೆ ತಗೊಳ್ಳುತ್ತಾರಾ ಎಂದು ತಪ್ಪದೆ ಕೇಳಿ. ಮಾತ್ರೆಯಿಂದ ಬಿಪಿ ಹತೋಟಿಯಲ್ಲಿದ್ದವರನ್ನು "ಇಲ್ಲ" ಎಂದು ಬರೆದರೆ ಲೆಕ್ಕ ತಪ್ಪಿತು. ಅಳೆಯುವ ಮೊದಲು ಐದು ನಿಮಿಷ ಕೂರಿಸಿ. ಅರ್ಧ ಗಂಟೆಯೊಳಗೆ ಚಹಾ ಕುಡಿದಿದ್ದರೆ, ತಂಬಾಕು ಹಾಕಿದ್ದರೆ ಇನ್ನೂ ಸ್ವಲ್ಪ ಕಾಯಿಸಿ. ತಪ್ಪಾಗಿ ಅಳೆದದ್ದನ್ನು ಯಾವ ತೂಕವೂ ಸರಿ ಮಾಡುವುದಿಲ್ಲ.

ಮೂರನೆಯ ಹೆಜ್ಜೆ: ಊರಿನ ನಿಜವಾದ ಚಿತ್ರ ಎಲ್ಲಿ ಸಿಗುತ್ತದೆ?

ಬಂದವರನ್ನು ಹೋಲಿಸಲು ಎಲ್ಲರ ಲೆಕ್ಕ ಬೇಕು. ಮೊದಲು ನೋಡಬೇಕಾದದ್ದು ಜನಗಣತಿ. 2011ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 47,79,661. ಬಾಗಲಕೋಟೆಯದು 18,89,752. ವಿಜಯಪುರದ್ದು 21,77,331. ಪಟ್ಟಣದಲ್ಲಿ ಇರುವವರು ಬಾಗಲಕೋಟೆಯಲ್ಲಿ ನೂರಕ್ಕೆ ಸುಮಾರು 32, ಬೆಳಗಾವಿಯಲ್ಲಿ 25, ವಿಜಯಪುರದಲ್ಲಿ 23. ಅಕ್ಕಪಕ್ಕದ ಜಿಲ್ಲೆಗಳಲ್ಲೇ ಇಷ್ಟು ವ್ಯತ್ಯಾಸ ಇದೆ, ನೋಡಿ. ಒಂದು ಜಿಲ್ಲೆಗೆ ಕಟ್ಟಿದ ತೂಕ ಇನ್ನೊಂದಕ್ಕೆ ನಡೆಯುವುದಿಲ್ಲ.

2011ರದ್ದು ಹಳೆಯದಾಯಿತು, ನಿಜ. 2021ರ ಜನಗಣತಿ ಕೋವಿಡ್ ಕಾರಣಕ್ಕೆ ಮುಂದಕ್ಕೆ ಹೋಯಿತು. ಅದಕ್ಕೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನೂ ಜೊತೆಗಿಟ್ಟುಕೊಳ್ಳಿ. ಎನ್‌ಎಫ್‌ಎಚ್‌ಎಸ್-5 ಎಂದು ಹುಡುಕಿದರೆ ಜಿಲ್ಲೆಗೊಂದು ಮಾಹಿತಿ ಹಾಳೆ ಸಿಗುತ್ತದೆ. ಅದರಲ್ಲಿ ಹೆಂಗಸರ ಓದು, ಅಡುಗೆ ಇಂಧನ, 15 ವರ್ಷ ಮೇಲ್ಪಟ್ಟವರ ಬಿಪಿ, ಶುಗರ್ ಎಲ್ಲವೂ ಇದೆ. ಆ ಸಮೀಕ್ಷೆ ತಾವಾಗಿ ಬಂದವರದ್ದಲ್ಲ. ಮನೆಗಳನ್ನು ಲಾಟರಿಯ ರೀತಿ ಆರಿಸಿ, ಅವರ ಬಾಗಿಲಿಗೇ ಹೋಗಿ ಮಾಡಿದ್ದು.

ಒಂದೇ ಹಳ್ಳಿಯ ಲೆಕ್ಕವಾದರೆ ಆಶಾ ಕಾರ್ಯಕರ್ತೆಯರನ್ನು ಕೇಳಿ. 30 ವರ್ಷ ದಾಟಿದವರಿಗೆ ಅವರು ಮನೆ ಮನೆಗೆ ಹೋಗಿ ಸಿಬಿಎಸಿ ಫಾರ್ಮ್ (ಬಿಪಿ, ಶುಗರ್‌ನಂಥ ಕಾಯಿಲೆಗಳ ಅಪಾಯ ಯಾರಿಗಿದೆ ಎಂದು ತಿಳಿಯುವ ಪ್ರಶ್ನಾವಳಿ) ತುಂಬುತ್ತಾರೆ. ಅವರಷ್ಟು ಊರು ಬಲ್ಲವರು ಇನ್ನೊಬ್ಬರಿಲ್ಲ. ಆದರೆ ಎಷ್ಟು ಗಂಡಸರು, ಎಷ್ಟು ಹೆಂಗಸರು, ಯಾವ ವಯಸ್ಸು ಎನ್ನುವ ಒಟ್ಟು ಸಂಖ್ಯೆ ಮಾತ್ರ ಕೇಳಿ. ಯಾರ ಮನೆಯಲ್ಲಿ ಯಾವ ಕಾಯಿಲೆ ಎನ್ನುವುದು ನಿಮಗೆ ಬೇಕಾಗಿಲ್ಲ.

ನಾಲ್ಕನೆಯ ಹೆಜ್ಜೆ: ತೂಕ ಕಟ್ಟುವುದು

ಈಗ ಲೆಕ್ಕ. ಕಲಿಯಲು ಸುಲಭವಾಗಲಿ ಎಂದು ಈ ಅಂಕಿಗಳನ್ನು ನಾನೇ ಮಾಡಿಕೊಂಡಿದ್ದೇನೆ. ಯಾವ ಶಿಬಿರದ್ದೂ ಅಲ್ಲ. ವಯಸ್ಸನ್ನು ಸದ್ಯಕ್ಕೆ ಬಿಟ್ಟು ಎರಡೇ ವಿಷಯ ಹಿಡಿಯೋಣ: ಹಳ್ಳಿ-ಪಟ್ಟಣ, ಗಂಡಸು-ಹೆಂಗಸು.

ಜಿಲ್ಲೆಯಲ್ಲಿ ನೂರು ಜನರಿದ್ದರೆ ಪಟ್ಟಣದ ಗಂಡಸರು 15, ಪಟ್ಟಣದ ಹೆಂಗಸರು 15, ಹಳ್ಳಿಯ ಗಂಡಸರು 35, ಹಳ್ಳಿಯ ಹೆಂಗಸರು 35 ಎಂದುಕೊಳ್ಳಿ. ಶಿಬಿರಕ್ಕೆ ಬಂದ ಸಾವಿರ ಜನ ಹೀಗಿದ್ದಾರೆ:

ಪಟ್ಟಣದ ಗಂಡಸರು 400, ಅವರಲ್ಲಿ ಬಿಪಿ ಇದ್ದವರು 144 (ಶೇ. 36)
ಪಟ್ಟಣದ ಹೆಂಗಸರು 250, ಬಿಪಿ ಇದ್ದವರು 70 (ಶೇ. 28)
ಹಳ್ಳಿಯ ಗಂಡಸರು 200, ಬಿಪಿ ಇದ್ದವರು 48 (ಶೇ. 24)
ಹಳ್ಳಿಯ ಹೆಂಗಸರು 150, ಬಿಪಿ ಇದ್ದವರು 30 (ಶೇ. 20)

ಸುಮ್ನೆ ಕೂಡಿಸಿದರೆ ಸಾವಿರಕ್ಕೆ 292. ಅಂದರೆ ಶೇ. 29.2. ಆದರೆ ಬಂದವರಲ್ಲಿ ಪಟ್ಟಣದ ಗಂಡಸರು ನೂರಕ್ಕೆ 40 ಇದ್ದಾರೆ, ಜಿಲ್ಲೆಯಲ್ಲಿ ಇರುವುದು 15. ಅವರ ದನಿ ಜಾಸ್ತಿ ಕೇಳಿಸುತ್ತಿದೆ. ಹಳ್ಳಿಯ ಹೆಂಗಸರು 35 ಇರಬೇಕಾದಲ್ಲಿ 15 ಇದ್ದಾರೆ.

ತೂಕ ಅಂದರೆ ಇಷ್ಟೇ: ಜಿಲ್ಲೆಯಲ್ಲಿರುವ ಪಾಲನ್ನು ಶಿಬಿರದಲ್ಲಿರುವ ಪಾಲಿನಿಂದ ಭಾಗಿಸಿ. ಪಟ್ಟಣದ ಗಂಡಸರಿಗೆ 15 ಭಾಗಿಸು 40, ಅಂದರೆ 0.375. ಪಟ್ಟಣದ ಹೆಂಗಸರಿಗೆ 15 ಭಾಗಿಸು 25, ಅಂದರೆ 0.6. ಹಳ್ಳಿಯ ಗಂಡಸರಿಗೆ 35 ಭಾಗಿಸು 20, ಅಂದರೆ 1.75. ಹಳ್ಳಿಯ ಹೆಂಗಸರಿಗೆ 35 ಭಾಗಿಸು 15, ಅಂದರೆ 2.33. ಬಂದ ಒಬ್ಬ ಹಳ್ಳಿಯ ಹೆಂಗಸು ಈಗ ಎರಡು ಚಿಲ್ಲರೆ ಜನರ ಪರವಾಗಿ ಮಾತಾಡುತ್ತಾಳೆ.

ಎಕ್ಸೆಲ್‌ನಲ್ಲಿ ಪ್ರತಿ ಹೆಸರಿನ ಮುಂದೆ ಅವರ ತೂಕ ಬರೆಯಿರಿ. ಬಿಪಿ ಇದ್ದರೆ 1, ಇಲ್ಲದಿದ್ದರೆ 0 ಎಂಬ ಕಾಲಂ ಇರಲಿ. ಎರಡನ್ನೂ ಗುಣಿಸಿ, ಕೂಡಿಸಿ, ತೂಕಗಳ ಒಟ್ಟು ಮೊತ್ತದಿಂದ ಭಾಗಿಸಿ. ನಮ್ಮ ಉದಾಹರಣೆಯಲ್ಲಿ 250 ಭಾಗಿಸು 1000. ಶೇ. 25. ಮೊದಲು ಬಂದ ಉತ್ತರಕ್ಕೂ ಇದಕ್ಕೂ ನಾಲ್ಕಕ್ಕಿಂತ ಹೆಚ್ಚು ವ್ಯತ್ಯಾಸ! ಜಿಲ್ಲೆಯ ಲಕ್ಷಾಂತರ ಜನರ ಲೆಕ್ಕದಲ್ಲಿ ಇದು ಎಷ್ಟು ಸಾವಿರ ಜನರ ಮಾತ್ರೆ ಎಂದು ಯೋಚಿಸಿ.

ಇಲ್ಲಿ ಒಂದು ನಂಬಿಕೆ ಅಡಗಿದೆ. ಬಂದ ಹಳ್ಳಿಯ ಹೆಂಗಸರು ಬಾರದ ಹಳ್ಳಿಯ ಹೆಂಗಸರ ಹಾಗೆಯೇ ಇದ್ದಾರೆ ಎಂದು ನಾವು ಒಪ್ಪಿಕೊಂಡಿದ್ದೇವೆ. ಬಂದ 150 ಮಂದಿ ಮನೆಯಲ್ಲೇ ಇರುವವರು, ಬಾರದವರೆಲ್ಲ ಹೊಲಕ್ಕೆ ಕೂಲಿಗೆ ಹೋಗುವವರು ಎಂದಾದರೆ ಆ ನಂಬಿಕೆ ಮುರಿಯಿತು. ಅದಕ್ಕೇ ಎರಡನೆಯ ಹೆಜ್ಜೆಯಲ್ಲಿ ಉದ್ಯೋಗದ ಪ್ರಶ್ನೆಯ ಬಗ್ಗೆ ಅಷ್ಟು ಒತ್ತಿ ಹೇಳಿದ್ದು.

ಒಂದು ಗುಂಪಿನಿಂದ ಒಬ್ಬರೂ ಬಂದಿಲ್ಲದಿದ್ದರೆ? ಆಗ ತೂಕ ಕೊಡಲು ಯಾರೂ ಇಲ್ಲ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಕಬ್ಬಿನ ಗ್ಯಾಂಗಿನವರು ಒಬ್ಬರೂ ಶೀಟಿನಲ್ಲಿ ಇಲ್ಲ ಎಂದರೆ ಎರಡೇ ದಾರಿ. ಅವರ ಗುಡಿಸಲಿಗೆ ಹೋಗಿ, ಇಲ್ಲವೇ ನಿಮ್ಮ ಅಂದಾಜು ಅವರಿಗೆ ಅನ್ವಯಿಸುವುದಿಲ್ಲ ಎಂದು ಬರೆಯಿರಿ.

ಐದನೆಯ ಹೆಜ್ಜೆ: ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ

ಮೇಲಿನ ಲೆಕ್ಕಕ್ಕೆ "ಹಳ್ಳಿಯ ಹೆಂಗಸರು ಎಷ್ಟು" ಎಂಬ ಜೋಡಿ ಅಂಕಿ ಬೇಕಿತ್ತು. ವಯಸ್ಸು, ಓದು, ಉದ್ಯೋಗ ಎಲ್ಲ ಸೇರಿಸಿದರೆ ಅಂಥ ಜೋಡಿ ಅಂಕಿ ಸಿಗುವುದು ಕಷ್ಟ. ಗಂಡಸರು ಇಷ್ಟು, ಓದಿದವರು ಇಷ್ಟು ಎಂದು ಬಿಡಿ ಬಿಡಿಯಾಗಿ ಮಾತ್ರ ಸಿಗುತ್ತದೆ. ಆಗ ಬಳಸುವುದು ರೇಕಿಂಗ್ ಎಂಬ ವಿಧಾನ. 1940ರಲ್ಲಿ ಡೆಮಿಂಗ್ ಮತ್ತು ಸ್ಟೀಫನ್ ಎಂಬವರು ಅಮೆರಿಕದ ಜನಗಣತಿಯ ಕೆಲಸಕ್ಕಾಗಿ ಇದನ್ನು ಬರೆದರು. ನಮ್ಮ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹೊಲವನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಹರಗಿ ಮಣ್ಣು ಸಮ ಮಾಡುತ್ತಾರಲ್ಲ, ಅದೇ ಕೆಲಸ ಇದು.

ನೂರು ಜನ ಬಂದಿದ್ದಾರೆ ಎಂದುಕೊಳ್ಳಿ. ಕಡಿಮೆ ಓದಿದ ಗಂಡಸರು 20, ಹೆಚ್ಚು ಓದಿದ ಗಂಡಸರು 40. ಕಡಿಮೆ ಓದಿದ ಹೆಂಗಸರು 25, ಹೆಚ್ಚು ಓದಿದ ಹೆಂಗಸರು 15. ನಮಗೆ ಗೊತ್ತಿರುವುದು ಎರಡೇ ಸಂಗತಿ: ಊರಿನಲ್ಲಿ ಗಂಡಸರು 50, ಹೆಂಗಸರು 50, ಕಡಿಮೆ ಓದಿದವರು 70, ಹೆಚ್ಚು ಓದಿದವರು 30. ಇವೂ ಕಲಿಕೆಗೆ ಮಾಡಿಕೊಂಡ ಅಂಕಿಗಳೇ.

ಮೊದಲು ಉದ್ದಕ್ಕೆ. ಗಂಡಸರು 60 ಇದ್ದಾರೆ, 50 ಆಗಬೇಕು. 50 ಭಾಗಿಸು 60ರಿಂದ ಗುಣಿಸಿ. ಹೆಂಗಸರು 40 ಇದ್ದಾರೆ, 50 ಭಾಗಿಸು 40ರಿಂದ ಗುಣಿಸಿ. ಈಗ ಗಂಡಸರು 16.7 ಮತ್ತು 33.3, ಹೆಂಗಸರು 31.25 ಮತ್ತು 18.75. ಗಂಡು-ಹೆಣ್ಣು ಸರಿಯಾಯಿತು. ಆದರೆ ಕಡಿಮೆ ಓದಿದವರು ಸುಮಾರು 48 ಮಾತ್ರ.

ಈಗ ಅಡ್ಡಕ್ಕೆ. ಕಡಿಮೆ ಓದಿದವರನ್ನು 70ಕ್ಕೆ ಏರಿಸಿ, ಹೆಚ್ಚು ಓದಿದವರನ್ನು 30ಕ್ಕೆ ಇಳಿಸಿ. ಓದು ಸರಿಯಾಯಿತು, ಗಂಡಸರು ಮಾತ್ರ 43.5ಕ್ಕೆ ಇಳಿದರು. ಮತ್ತೆ ಉದ್ದಕ್ಕೆ ಹೋಗಿ. ಗಂಡಸರು 50 ಆದಾಗ ಕಡಿಮೆ ಓದಿದವರು 68.4 ಆಗಿರುತ್ತಾರೆ. 70ಕ್ಕೆ ತೀರಾ ಹತ್ತಿರ ಬಂತು, ಅಲ್ವಾ? ಇನ್ನೂ ಎರಡು ಮೂರು ಸಲ ಹೋಗಿ ಬಂದರೆ ಎರಡೂ ಕೂಡುತ್ತವೆ. ಕೊನೆಗೆ ಬಂದ ಅಂಕಿಯನ್ನು ಮೊದಲಿನ ಅಂಕಿಯಿಂದ ಭಾಗಿಸಿದರೆ ಆ ಗುಂಪಿನ ತೂಕ.

ಒಂದು ಸಲ ಕೈಯಿಂದ ಮಾಡಿ ನೋಡಿ. ಆಮೇಲೆ ಕಂಪ್ಯೂಟರಿಗೆ ಬಿಡಿ. ಆರ್ ಎಂಬ ಉಚಿತ ತಂತ್ರಾಂಶದಲ್ಲಿ "ಸರ್ವೆ" ಎಂಬ ಪ್ಯಾಕೇಜ್ ಇದೆ. ಅದರ "ರೇಕ್" ಎಂಬ ಆದೇಶ ಇದನ್ನು ಕ್ಷಣದಲ್ಲಿ ಮಾಡುತ್ತದೆ. ವಿಷಯಗಳನ್ನು ಹತ್ತು ಹದಿನೈದು ಸೇರಿಸುವ ಆಸೆ ಬೇಡ. ಸಾವಿರ ಜನರ ಶೀಟಿಗೆ ನಾಲ್ಕೈದು ಸಾಕು.

ದೊಡ್ಡ ಸಂಶೋಧನೆಗಳಲ್ಲಿ ಇನ್ನೊಂದು ದಾರಿ ಇದೆ. ತಾವಾಗಿ ಬಂದವರ ಪಟ್ಟಿಯನ್ನೂ ಒಂದು ಒಳ್ಳೆಯ ಸಮೀಕ್ಷೆಯ ಪಟ್ಟಿಯನ್ನೂ ಸೇರಿಸಿ, ಇಂಥ ಗುಣದವರು ಬರುವ ಸಾಧ್ಯತೆ ಎಷ್ಟು ಎಂದು ಲಾಜಿಸ್ಟಿಕ್‌ನಂಥ ಮಾದರಿಯಿಂದ (ಗುಣಗಳನ್ನು ನೋಡಿ ಸಾಧ್ಯತೆ ಲೆಕ್ಕ ಹಾಕುವ ಸೂತ್ರ) ಅಂದಾಜು ಮಾಡುತ್ತಾರೆ. ಬರುವ ಸಾಧ್ಯತೆ ಕಡಿಮೆ ಇದ್ದೂ ಬಂದವರಿಗೆ ಹೆಚ್ಚು ತೂಕ. ಯುಕೆ ಬಯೋಬ್ಯಾಂಕ್‌ಗೂ ಬ್ರಿಟನ್ನಿನ 2011ರ ಜನಗಣತಿಯ ಮಾಹಿತಿ ಇಟ್ಟುಕೊಂಡು ಸಂಶೋಧಕರು ಹೀಗೆಯೇ ತೂಕ ಕಟ್ಟಿದರು. ಊರಿನ ಶಿಬಿರಕ್ಕೆ ರೇಕಿಂಗ್ ಸಾಕು ಎನ್ನುವುದು ನನ್ನ ಅಭಿಪ್ರಾಯ.

ಆರನೆಯ ಹೆಜ್ಜೆ: ತೂಕಕ್ಕೂ ಬೆಲೆ ತೆರಬೇಕು

ಕೆಲವರ ಮಾತಿಗೆ ಹೆಚ್ಚು ತೂಕ ಕೊಟ್ಟಾಗ ಅಂದಾಜು ಸ್ವಲ್ಪ ಅಲುಗುತ್ತದೆ. ಎಷ್ಟು ಎಂದು ತಿಳಿಯಲು ಲೆಸ್ಲಿ ಕಿಶ್ ಎಂಬ ಸಮೀಕ್ಷಾ ತಜ್ಞರ ಹೆಸರಿನ ಸುಲಭ ಸೂತ್ರ ಇದೆ. ಎಲ್ಲ ತೂಕ ಕೂಡಿಸಿ ವರ್ಗ ಮಾಡಿ, ಅಂದರೆ ಆ ಮೊತ್ತವನ್ನು ಅದರಿಂದಲೇ ಗುಣಿಸಿ. ಅದನ್ನು ಪ್ರತಿ ತೂಕದ ವರ್ಗಗಳ ಮೊತ್ತದಿಂದ ಭಾಗಿಸಿ. ನಮ್ಮ ಸಾವಿರ ಜನರ ಉದಾಹರಣೆಯಲ್ಲಿ 10 ಲಕ್ಷ ಭಾಗಿಸು 1575. ಉತ್ತರ ಸುಮಾರು 635. ಅಂದರೆ ಸಾವಿರ ಜನ ಈಗ 635 ಜನರಷ್ಟೇ ಗಟ್ಟಿ.

ಉತ್ತರ ಎಷ್ಟು ಅಲುಗಬಹುದು ಎನ್ನುವುದನ್ನು "ಆಚೀಚೆ" ಎಂದು ಬರೆಯುತ್ತೇನೆ. ತೂಕ ಇಲ್ಲದಾಗ ಉತ್ತರ ಶೇ. 29.2, ಆಚೀಚೆ 2.8. ತೂಕ ಕೊಟ್ಟಾಗ ಶೇ. 25, ಆಚೀಚೆ 3.4. ಆಚೀಚೆಯ ಅಂತರ ಹೆಚ್ಚಾಯಿತು ಎಂದು ವಿದ್ಯಾರ್ಥಿಗಳು ಬೇಜಾರು ಮಾಡಿಕೊಳ್ಳುತ್ತಾರೆ. ಬೇಡ. ಮೊದಲನೆಯದು 26.4ರಿಂದ 32 ಎಂದು ಖಡಾಖಂಡಿತವಾಗಿ ಹೇಳುತ್ತಿತ್ತು, ಆದರೆ ತಪ್ಪು ಜಾಗದಲ್ಲಿ ನಿಂತು ಹೇಳುತ್ತಿತ್ತು. ಜನ ಹೆಚ್ಚಾದಷ್ಟೂ ಆ ಅಂತರ ಕಿರಿದಾಗುತ್ತದೆ, ಜಾಗ ಮಾತ್ರ ಬದಲಾಗುವುದಿಲ್ಲ. ದೊಡ್ಡ ಶಿಬಿರಗಳ ನಿಜವಾದ ಅಪಾಯ ಇದು.

ತೀರಾ ದೊಡ್ಡ ತೂಕ ಬಂದರೆ ಎಚ್ಚರ. ಮೂರೇ ಜನ ಬಂದ ಗುಂಪಿಗೆ 12ರ ತೂಕ ಬಿದ್ದರೆ ಆ ಮೂವರು 36 ಜನರ ಪರವಾಗಿ ನಿಲ್ಲುತ್ತಾರೆ. ಅವರಲ್ಲಿ ಒಬ್ಬರ ಬಿಪಿ ಆ ದಿನ ಏರಿದ್ದರೂ ಇಡೀ ಜಿಲ್ಲೆಯ ಅಂಕಿ ಹೊಯ್ದಾಡುತ್ತದೆ. ನಾನು ಸಾಮಾನ್ಯವಾಗಿ 20ಕ್ಕಿಂತ ಕಡಿಮೆ ಜನ ಇರುವ ಗುಂಪನ್ನು ಪಕ್ಕದ ಗುಂಪಿಗೆ ಸೇರಿಸುತ್ತೇನೆ. ಸರಾಸರಿಯ ಐದು ಪಟ್ಟಿಗಿಂತ ಹೆಚ್ಚಿನ ತೂಕವನ್ನು ಅಲ್ಲಿಗೇ ಕತ್ತರಿಸುತ್ತೇನೆ. ಇದು ಶಾಸನವಲ್ಲ. ಬೇರೆಯವರು ಬೇರೆ ಮಿತಿ ಇಟ್ಟುಕೊಳ್ಳುತ್ತಾರೆ. ಎಲ್ಲಿ ಕತ್ತರಿಸಿದಿರಿ ಎಂದು ಬರೆದರಾಯಿತು.

ಒಂದೇ ಮನೆಯ ಐದಾರು ಜನ ಕೂಡಿ ಬಂದಿದ್ದರೆ ಅವರ ಉಪ್ಪು, ಎಣ್ಣೆ, ಊಟ ಎಲ್ಲ ಒಂದೇ. ಆರು ಜನರ ಮಾಹಿತಿ ಆರರಷ್ಟು ಹೊಸದಲ್ಲ. ಮನೆ ನಂಬರ್ ಬರೆದಿಟ್ಟುಕೊಂಡರೆ ಸರ್ವೆ ಪ್ಯಾಕೇಜ್ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಏಳನೆಯ ಹೆಜ್ಜೆ: ಪರೀಕ್ಷೆ ಮಾಡಿ ನೋಡುವುದು

ತೂಕ ಕಟ್ಟಲು ಬಳಸದ ಒಂದು ವಿಷಯವನ್ನು ಬೇಕೆಂದೇ ಎತ್ತಿಡಿ. ಮನೆಯಲ್ಲಿ ಅಡುಗೆ ಗ್ಯಾಸ್ ಮೇಲೋ ಕಟ್ಟಿಗೆ ಒಲೆಯ ಮೇಲೋ ಎನ್ನುವುದು ಇದಕ್ಕೆ ಒಳ್ಳೆಯದು. ತೂಕ ಕೊಡುವ ಮೊದಲು ನಿಮ್ಮ ಶೀಟಿನಲ್ಲಿ ಗ್ಯಾಸ್ ಇದ್ದವರು ಎಷ್ಟು, ಕೊಟ್ಟ ಮೇಲೆ ಎಷ್ಟು, ಎನ್‌ಎಫ್‌ಎಚ್‌ಎಸ್-5ರ ಜಿಲ್ಲಾ ಹಾಳೆಯಲ್ಲಿ ಎಷ್ಟು? ಮೂರನ್ನೂ ಪಕ್ಕದಲ್ಲಿಟ್ಟು ನೋಡಿ. ತೂಕ ಕೊಟ್ಟ ಮೇಲೆ ಜಿಲ್ಲೆಯ ಅಂಕಿಯ ಕಡೆಗೆ ಸರಿದಿದ್ದರೆ ಭರವಸೆ ಇಡಬಹುದು. ದೂರ ಹೋಗಿದ್ದರೆ ಏನನ್ನೋ ಕೇಳಲು ಮರೆತಿದ್ದೀರಿ. ಬಿಪಿಯ ಅಂಕಿಯನ್ನೇ ಹೋಲಿಸುವಾಗ ವಯಸ್ಸು ನೆನಪಿರಲಿ. ಅವರದು 15 ವರ್ಷ ಮೇಲ್ಪಟ್ಟವರದು. ನಿಮ್ಮದು 30 ಮೇಲ್ಪಟ್ಟವರದಾದರೆ ಸಹಜವಾಗಿಯೇ ಹೆಚ್ಚು ಬರುತ್ತದೆ.

ಇನ್ನು, ಕಾರಣ ಹುಡುಕುವವರಿಗೆ ಒಂದು ಮಾತು. "ತಂಬಾಕು ತಿಂದರೆ ಬಿಪಿ ಬರುತ್ತದಾ" ಎಂದು ಶಿಬಿರದ ಶೀಟಿನಿಂದ ಹೇಳಲು ಹೊರಟರೆ ಹಳ್ಳ ಹಿಡಿಯುವುದು ಸುಲಭ. ತಂಬಾಕು ತಿನ್ನುವವರು ಕ್ಯಾನ್ಸರಿನ ಹೆದರಿಕೆಗೆ ಬಂದರು ಎಂದುಕೊಳ್ಳಿ. ಬಿಪಿ ಇದ್ದವರು ಮಾತ್ರೆಗೆ ಬಂದರು. ಎರಡೂ ಇಲ್ಲದವರು ಮನೆಯಲ್ಲೇ ಉಳಿದರು. ಈಗ ಶೀಟಿನಲ್ಲಿ ತಂಬಾಕು ತಿನ್ನದವರನ್ನು ಹುಡುಕಿ. ಅವರಲ್ಲಿ ಬಹುತೇಕ ಎಲ್ಲರಿಗೂ ಬಿಪಿ ಇರುತ್ತದೆ, ಯಾಕೆಂದರೆ ಅವರು ಬಂದದ್ದೇ ಅದಕ್ಕೆ. ತಂಬಾಕು ತಿನ್ನುವವರಲ್ಲಿ ಬಿಪಿ ಕಡಿಮೆ ಕಾಣುತ್ತದೆ. ತಂಬಾಕು ಬಿಪಿಯನ್ನು ತಡೆಯುತ್ತದೆ ಎಂಬ ಸುಳ್ಳು ಸುದ್ದಿ ಹೀಗೇ ಹುಟ್ಟುತ್ತದೆ. ಊರಿನಲ್ಲಿ ತಂಬಾಕು ತಿನ್ನುವವರು ಎಷ್ಟು ಎಂದು ಗೊತ್ತಿದ್ದರೆ ಅದನ್ನೂ ತೂಕಕ್ಕೆ ಸೇರಿಸಬಹುದು. ಆದರೆ ಈ ಹೋಲಿಕೆ ಅದರಿಂದ ಸರಿಯಾಗುವುದಿಲ್ಲ, ಯಾಕೆಂದರೆ ಬಿಪಿ ಇದೆಯೆಂದೇ ಬಂದವರ ಎಳೆತ ಹಾಗೇ ಉಳಿಯುತ್ತದೆ. ಇಂಥ ತೀರ್ಮಾನವನ್ನು ಶಿಬಿರದ ಮಾಹಿತಿಯಿಂದ ಹೇಳದಿರುವುದೇ ಮೇಲು.

ಎಂಟನೆಯ ಹೆಜ್ಜೆ: ವರದಿ ಬರೆಯುವುದು

ಮೂಲ ಶೀಟನ್ನು ಮುಟ್ಟಬೇಡಿ. ಅದರ ಪ್ರತಿ ತೆಗೆದು, ತೂಕವನ್ನು ಬೇರೆ ಕಾಲಂನಲ್ಲಿ ಇಡಿ. ಹಂಚುವಾಗ ಹೆಸರು, ಫೋನ್ ನಂಬರ್ ತೆಗೆದುಬಿಡಿ. ಸಣ್ಣ ಊರಿನಲ್ಲಿ "62 ವರ್ಷದ ನಿವೃತ್ತ ಶಿಕ್ಷಕಿ" ಎಂದರೂ ಯಾರೆಂದು ಗೊತ್ತಾಗುತ್ತದೆ, ಅದನ್ನೂ ಗಮನಿಸಿ.

ತೂಕ ಇಲ್ಲದ ಉತ್ತರ, ತೂಕ ಕೊಟ್ಟ ಉತ್ತರ ಎರಡನ್ನೂ ಕೊಡಿ. ನಮ್ಮ ಉದಾಹರಣೆಯ ವರದಿಯನ್ನು ನಾನಾದರೆ ಹೀಗೆ ಬರೆಯುತ್ತಿದ್ದೆ: "ಶಿಬಿರಗಳಿಗೆ ತಾವಾಗಿ ಬಂದ 1000 ಜನರಲ್ಲಿ ಶೇ. 29.2 ಮಂದಿಗೆ ಬಿಪಿ ಇತ್ತು. ಹಳ್ಳಿ-ಪಟ್ಟಣ ಮತ್ತು ಗಂಡು-ಹೆಣ್ಣು ಪಾಲಿಗೆ ತಕ್ಕಂತೆ ತೂಕ ಕೊಟ್ಟಾಗ ಅಂದಾಜು ಶೇ. 25 (21.6ರಿಂದ 28.4). ವಯಸ್ಸು ಮತ್ತು ಉದ್ಯೋಗಕ್ಕೆ ತೂಕ ಕೊಟ್ಟಿಲ್ಲ. ಶಿಬಿರಗಳು ಬೆಳಿಗ್ಗೆ 10ರಿಂದ 2ರವರೆಗೆ ನಡೆದವು. ಕೂಲಿಗೆ ಹೋಗುವವರು, ಮಗ್ಗದ ಕೆಲಸದವರು ಕಡಿಮೆ ಬಂದರು. ಕಬ್ಬು ಕಡಿಯಲು ಹೊರಗಿನಿಂದ ಬಂದವರು ಇದರಲ್ಲಿ ಇಲ್ಲ."

ಆ ವರ್ಷದ ನಮ್ಮ ವಿದ್ಯಾರ್ಥಿಗಳು ತಮ್ಮ ವರದಿಯಲ್ಲಿ ಈ ಕೊನೆಯ ಎರಡು ಸಾಲಿನಂಥವನ್ನು ಬರೆಯಲು ಹಿಂಜರಿದರು. ಕೆಲಸದ ಕೊರತೆ ಬಯಲಾಗುತ್ತದೆ ಎಂಬ ಭಯ. ಬರೆಯಿರಿ ಎಂದು ಹಟ ಹಿಡಿದೆ. ಮುಂದಿನ ಬ್ಯಾಚಿನ ಇಬ್ಬರು ಆ ಸಾಲುಗಳನ್ನು ಓದಿ, ಬಿಪಿ ಮೆಷಿನ್ ತಗೊಂಡು ಸಂಜೆ ಏಳರ ಮೇಲೆ ಗುಳೇದಗುಡ್ಡದ ನೇಕಾರರ ಓಣಿಗೆ ಹೋದರು. ಮಗ್ಗ ನಿಲ್ಲಿಸಿ ಕೈಕಾಲು ತೊಳೆದುಕೊಂಡು ಕಟ್ಟೆಗೆ ಬಂದು ಕೂತವರನ್ನು ಐದು ನಿಮಿಷ ಮಾತಾಡಿಸಿ, ಆಮೇಲೆ ತೋಳಿಗೆ ಪಟ್ಟಿ ಕಟ್ಟಿದರು. ಫಾರ್ಮಿನಲ್ಲಿ ಉದ್ಯೋಗದ ಕಾಲಂ ಮೊದಲನೆಯದಾಗಿತ್ತು.